ಪಾದ್ರಿ ಕ್ನೈಪರ ಬರಿಗಾಲ ನಡಿಗೆ

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ, ಜರ್ಮನಿಯ ಬವೇರಿಯಾ ಪ್ರಾಂತದ ವೋರಿಸ್‌ಹೋಫೆನ್ ಎಂಬ ಒಕ್ಕಲುಮಕ್ಕಳ ಹಳ್ಳಿಯು, ಯುರೋಪಿನ ಧನಿಕರೂ ಧರ್ಮಗುರುಗಳೂ ರಾಜವಂಶೀಯರೂ ಪಾದರಕ್ಷೆಗಳನ್ನು ಕಳಚಿ, ಇಬ್ಬನಿಯಲ್ಲಿ ತೊಯ್ದ ಹುಲ್ಲಿನ ಮೇಲೆ ಬೆಳಗಿನ ಹೊತ್ತು ತಿರುಗಾಡುವ ತಾಣವೆಂದು ಪ್ರಖ್ಯಾತವಾಯಿತು. ಇದಕ್ಕೆ ಕಾರಣಪುರುಷರಾದವರು ಆ ಊರಿನ ಪಾದ್ರಿ ಸೆಬಾಸ್ಟಿಯನ್ ಕ್ನೈಪ್.

1821ರಲ್ಲಿ ಬಡ ನೇಕಾರನ ಮಗನಾಗಿ ಜನಿಸಿ, ಮಗ್ಗದ ಮುಂದೆ ಬಾಲ್ಯವನ್ನು ಸವೆಸಿ, ಪಾದ್ರಿಯಾಗಬೇಕೆಂಬ ಹಂಬಲದಿಂದ ತಡವಾಗಿ ವ್ಯಾಸಂಗಕ್ಕೆ ತೊಡಗಿದ ಕ್ನೈಪರನ್ನು ವಿದ್ಯಾರ್ಥಿದೆಸೆಯಲ್ಲಿಯೇ ಕ್ಷಯರೋಗವು ಹಿಡಿಯಿತು. ಆಗ ಹಾನ್ ಎಂಬ ಹಿಂದಿನ ಶತಮಾನದ ವೈದ್ಯನು ತಣ್ಣೀರಿನ ಗುಣವನ್ನು ಕುರಿತು ಬರೆದ ಪುಸ್ತಕವು ದೊರೆತು, 1849ರಲ್ಲಿ ಡ್ಯಾನ್ಯೂಬ್ ನದಿಯ ಕೊರೆಯುವ ನೀರಿನಲ್ಲಿ ಕ್ಷಣಕಾಲ ಮುಳುಗಿ ಮನೆಗೆ ಧಾವಿಸುವ ಅಭ್ಯಾಸವನ್ನು ಕೈಕೊಂಡು, ಅದರಿಂದಲೇ ತಾವು ಬದುಕಿದೆವೆಂದು ಅವರು ನಂಬಿದರು. 1855ರಲ್ಲಿ ವೋರಿಸ್‌ಹೋಫೆನ್ನಿನ ಸಂನ್ಯಾಸಿನಿಯರ ಮಠಕ್ಕೆ ಬಂದವರು 1897ರಲ್ಲಿ ಕಾಲವಶರಾಗುವವರೆಗೂ ಆ ಊರನ್ನು ಬಿಡಲಿಲ್ಲ.

1886ರಲ್ಲಿ ಪ್ರಕಟವಾದ ಅವರ ಜಲಚಿಕಿತ್ಸೆಯ ಗ್ರಂಥದಲ್ಲಿ, ಶರೀರವನ್ನು ಗಟ್ಟಿಗೊಳಿಸುವ ಉಪಾಯಗಳಲ್ಲಿ ಮೊತ್ತಮೊದಲಿನದು ಬರಿಗಾಲ ನಡಿಗೆ. ಬವೇರಿಯಾದ ರೈತರ ಮಕ್ಕಳೆಲ್ಲರೂ ಹಾಗೆ ನಡೆಯುತ್ತಿದ್ದವರೇ ಆದುದರಿಂದ ಇದು ಕ್ನೈಪರ ಆವಿಷ್ಕಾರವಲ್ಲ. ಬಡವರ ಮಕ್ಕಳಿಂದ ಕಲಿತದ್ದಕ್ಕೆ ಅಳತೆಯನ್ನೂ ಕ್ರಮವನ್ನೂ ಗೊತ್ತುಮಾಡಿ, ಬೂಟಿನಲ್ಲಿ ಬಂಧಿತವಾಗಿದ್ದ ಪಟ್ಟಣಿಗರ ಪಾದಗಳಿಗೆ ಅದನ್ನು ನಿತ್ಯಾಚರಣೆಯಾಗಿ ವಿಧಿಸಿದುದೇ ಅವರ ಹೆಚ್ಚುಗಾರಿಕೆಯೆಂದು ನನ್ನ ಭಾವನೆ. ಒದ್ದೆ ಹುಲ್ಲಿನ ಮೇಲೆ ಕಾಲುಗಂಟೆಯಿಂದ ಮುಕ್ಕಾಲು ಗಂಟೆ. ತೊಯ್ದ ಕಲ್ಲುಹಾಸಿನ ಮೇಲೆ 3ರಿಂದ 15 ನಿಮಿಷ. ಹಿಮದಲ್ಲಾದರೆ ಕೇವಲ 3-4 ನಿಮಿಷ, ಅದೂ ಹೊಸದಾಗಿ ಬಿದ್ದ ಮೃದುವಾದ ಹಿಮದಲ್ಲಿ ಮಾತ್ರ, ಶೀತಮಾರುತ ಬೀಸುವಾಗ ಎಂದಿಗೂ ಸಲ್ಲದು. ನಡೆದು ಮುಗಿದೊಡನೆ ಒಣಗಿದ ಕಾಲ್ಚೀಲವನ್ನೂ ಪಾದರಕ್ಷೆಯನ್ನೂ ತೊಟ್ಟು, ಪಾದಗಳು ಬೆಚ್ಚಗಾಗುವವರೆಗೆ ಚುರುಕಾಗಿ ಹೆಜ್ಜೆಹಾಕತಕ್ಕದ್ದು. ಈ ನಿಯಮಗಳಲ್ಲಿ ದೇಹದಂಡನೆಯ ಉಗ್ರತೆಯು ಲೇಶವೂ ಇಲ್ಲ. ಪಾದರಕ್ಷೆಯ ಮೇಲೆ ದ್ವೇಷವೂ ಇಲ್ಲ. ಬಿಟ್ಟುಹೋದ ರೂಢಿಗೆ ಮರಳುವವನು ಹಂತಹಂತವಾಗಿ ಮರಳಬೇಕೆಂಬ ಈ ವಿವೇಕವು, ರೋಗಗಳನ್ನು ಗುಣಪಡಿಸುವ ವಿಷಯದಲ್ಲಿ ಅವರಾಡಿದ ಇತರ ದೊಡ್ಡ ಮಾತುಗಳಿಗಿಂತ ನನಗೆ ಬೆಲೆಯುಳ್ಳದ್ದಾಗಿ ತೋರುತ್ತದೆ.

ಕ್ನೈಪರು ಬದುಕಿದ್ದಾಗಲೇ, 1896ರಲ್ಲಿ, ಅಡಾಲ್ಫ್ ಯೂಸ್ಟ್ ಎಂಬವರು ಹಾರ್ಟ್ಸ್ ಪರ್ವತಪ್ರದೇಶದಲ್ಲಿ ಯುಂಗ್‌ಬೋರ್ನ್ ಎಂಬ ಚಿಕಿತ್ಸಾಶ್ರಮವನ್ನು ಸ್ಥಾಪಿಸಿ, ಮಣ್ಣಿನ ಸ್ಪರ್ಶವನ್ನೇ ಚಿಕಿತ್ಸೆಯ ಮೂಲವನ್ನಾಗಿ ಮಾಡಿಕೊಂಡರು. ನಿಸರ್ಗಕ್ಕೆ ಮರಳಿರೆಂದು ಕರೆಕೊಟ್ಟ ಅವರ ಗ್ರಂಥವನ್ನು ದಕ್ಷಿಣ ಆಫ್ರಿಕದಲ್ಲಿದ್ದ ಗಾಂಧೀಜಿಯವರು ಓದಿ, ಮಣ್ಣಿನ ಪಟ್ಟಿಯನ್ನು ತಮ್ಮ ಮೇಲೆಯೇ ಪ್ರಯೋಗಿಸಿದ ಸಂಗತಿಯು ಅವರ ಆತ್ಮಕಥೆಯಲ್ಲಿದೆ. ಅದೇ ಗಾಂಧೀಜಿಯವರು 1947ರ ಜನವರಿಯಲ್ಲಿ, ತಮ್ಮ 77ನೆಯ ವಯಸ್ಸಿನಲ್ಲಿ, ಕೋಮುಗಲಭೆಯಿಂದ ಬೆಂದ ನೌಖಾಲಿಯ ಹಳ್ಳಿಗಳಲ್ಲಿ ಚಪ್ಪಲಿಯನ್ನು ತ್ಯಜಿಸಿ ನಡೆದುದಕ್ಕೆ ಆರೋಗ್ಯವು ಕಾರಣವಲ್ಲ. ಅದನ್ನು ಅವರು ತೀರ್ಥಯಾತ್ರೆಯೆಂದು ಭಾವಿಸಿದ್ದರು.

ನಮ್ಮ ನಾಡಿನಲ್ಲಿ ಬರಿಗಾಲನ್ನು ಹೊಗಳುವವನು ಇನ್ನೊಂದನ್ನೂ ನೆನೆಯಲೇಬೇಕು. ವೈಶಾಖದ ಕಾದ ನೆಲದ ಮೇಲೆ ಕೂಲಿಯವರು ನಡೆದುದು ಇಚ್ಛೆಯಿಂದಲ್ಲ. ಮೇಲುಜಾತಿಯವರ ಬೀದಿಯಲ್ಲಿ ಕೆರ ಮೆಟ್ಟಬಾರದೆಂಬ ಕ್ರೂರವಾದ ಕಟ್ಟಳೆಗೆ ಸಿಕ್ಕಿ, ಕೆರ ಹೊಲಿಯುವವರೇ ಅದನ್ನು ಕೈಯಲ್ಲಿ ಹಿಡಿದು ನಡೆಯಬೇಕಾಗಿದ್ದ ಕಾಲವೂ ಉಂಟು. ಅಂತಹ ಬರಿಗಾಲಿಗೆ ಯಾರೂ ಮರಳಬೇಕಾಗಿಲ್ಲ.

ಮರಳಬಹುದಾದದ್ದು ಸ್ವೇಚ್ಛೆಯ ನಡಿಗೆಗೆ. ಜರ್ಮನಿಯಲ್ಲಿ ಕ್ನೈಪರ ಪದ್ಧತಿಯು 2015ರಲ್ಲಿ ರಾಷ್ಟ್ರೀಯ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿತು. ಬಾಡ್ ಸೋಬರ್ನ್‌ಹೈಮ್ ಎಂಬ ಊರಿನಲ್ಲಿ 1992ರಿಂದ ಹುಲ್ಲು, ಕೆಸರು, ಕಲ್ಲು, ಹೊಳೆಗಳನ್ನು ಹಾದುಹೋಗುವ ಮೂರೂವರೆ ಕಿಲೋಮೀಟರ್ ಉದ್ದದ ಬರಿಗಾಲ ಹಾದಿಯೊಂದಿದೆ. ನಮ್ಮ ನಗರಸಭೆಗಳೂ ಪ್ರತಿಯೊಂದು ಉದ್ಯಾನದಲ್ಲಿ ಗಾಜಿನ ಚೂರಿಲ್ಲದ, ಕಸವಿಲ್ಲದ ಹುಲ್ಲಿನ ಪಟ್ಟಿಯೊಂದನ್ನು ಬರಿಗಾಲಿನವರಿಗಾಗಿ ಕಾಯ್ದಿರಿಸಲಿ. ಪಾದದ ಸ್ಪರ್ಶಜ್ಞಾನವು ಕುಂದಿರುವ ಮಧುಮೇಹಿಗಳನ್ನುಳಿದು ಮಿಕ್ಕವರು, ಕ್ನೈಪರು ಹೇಳಿದಂತೆ, ಮೊದಲಿಗೆ ಕಾಲುಗಂಟೆಯಷ್ಟೇ ಅಲ್ಲಿ ನಡೆದು ನೋಡಲಿ.