ಕಪ್ಪು ಹೆಸರಿನೊಳಗಣ ಬಿಳಿ ಅಕ್ಕಿ

ಮಹದೇವಪುರದಲ್ಲಿ ನೆಲಸಿರುವ ನಾವು ಪೂರ್ವಾಭಿಮುಖವಾಗಿ ಹೊರಟರೆ ವೈಟ್‌ಫೀಲ್ಡ್ ದೊರೆಯುವುದು. ಪಶ್ಚಿಮಕ್ಕೆ ತಿರುಗಿ ಹಲಸೂರನ್ನು ದಾಟಿದರೆ, ಹಿಂದಿನವರು ಬ್ಲ್ಯಾಕ್‌ಪಳ್ಳಿ ಎನ್ನುತ್ತಿದ್ದ ಶಿವಾಜಿನಗರ ದೊರೆಯುವುದು. ಮದರಾಸಿನ ಕೋಟೆಯ ಹೊರಗಣ ಪೇಟೆಯನ್ನು ಬ್ಲ್ಯಾಕ್ ಟೌನ್ ಎಂದು ಕರೆದ ಆಂಗ್ಲರು ಇಲ್ಲಿಯೂ ಮೈಬಣ್ಣವನ್ನು ನೋಡಿಯೇ ನಾಮಕರಣ ಮಾಡಿದರೆಂದು ಯಾರಿಗಾದರೂ ತೋರುವುದು ಸಹಜ. ವಸ್ತುಸ್ಥಿತಿ ಅಷ್ಟು ಸರಳವಲ್ಲ.

1809ರಲ್ಲಿ ಶ್ರೀರಂಗಪಟ್ಟಣದಲ್ಲಿದ್ದ ಆಂಗ್ಲರ ಸೈನ್ಯವು ಬಂದು ಇಲ್ಲಿ ದಂಡು ಬಿಡುವುದಕ್ಕೆ ಮುನ್ನ ಈ ನೆಲದಲ್ಲಿ ಬಿಳಿಯ ಅಕ್ಕಿಯನ್ನು ಬೆಳೆಯುತ್ತಿದ್ದುದರಿಂದ ಊರಿಗೆ ಬಿಳಿ ಅಕ್ಕಿ ಪಳ್ಳಿ ಎಂಬ ಹೆಸರಾಯಿತೆಂದು ಜನವಾಣಿ. ಬೇಗಬೇಗನೆ ಉಚ್ಚರಿಸಿ ನೋಡಿರಿ: ಬಿಳಿಯಕ್ಕಿಪಳ್ಳಿ, ಬಿಳ್ಯಕ್‌ಪಳ್ಳಿ, ಬ್ಲ್ಯಾಕ್‌ಪಳ್ಳಿ. ನಮ್ಮ ನಾಲಗೆ ಬಿಳುಪೆಂದು ನುಡಿದುದು ಸೋಜರನ ಕಿವಿಗೆ ಕಪ್ಪಾಗಿ ಬಿದ್ದಿತು. ದಂಡಿನ ವಿನ್ಯಾಸ ಮಾಡಿದ ಜಾನ್ ಬ್ಲೇಕಿಸ್ಟನ್ ಎಂಬ ಎಂಜಿನಿಯರನಿಂದ ಹೆಸರು ಬಂದಿತೆನ್ನುವವರೂ ಉಂಟು. ಯಾವುದು ದಿಟವಾದರೂ ಮೂಲದಲ್ಲಿ ಮೈಬಣ್ಣದ ಸುಳಿವಿಲ್ಲ. ಆದರೆ ದೊರೆಗಳು ತೋಟದ ನಡುವಣ ಬಂಗಲೆಗಳಲ್ಲಿಯೂ, ಅವರ ಅಡಿಗೆಯವರೂ ಕುದುರೆಯಾಳುಗಳೂ ಬ್ಲ್ಯಾಕ್‌ಪಳ್ಳಿಯ ಇಕ್ಕಟ್ಟಿನ ಗಲ್ಲಿಗಳಲ್ಲಿಯೂ ಬಾಳಿದ ಮೇಲೆ, ಅಕ್ಕಿ ಮರೆಯಾಗಿ ಕಪ್ಪೊಂದೇ ಅರ್ಥವಾಗಿ ನಿಂತಿತು.

ವೈಟ್‌ಫೀಲ್ಡಿನ ಬಿಳುಪೂ ಅಂಥದೇ. 1882ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ಆ ಸಂಘದ ಸ್ಥಾಪಕ ಡಿ. ಎಸ್. ವೈಟ್ ಎಂಬಾತನ ಹೆಸರು ಅಲ್ಲಿನ ವಸಾಹತಿಗೆ ಸಂದಿತು. ಅಪ್ಪಟ ಬಿಳಿಯರು ತಮ್ಮವರೆಂದು ಒಪ್ಪದಿದ್ದ ಮಿಶ್ರ ಸಂತತಿಯವರು ನೇಗಿಲು ಹಿಡಿದು ಬದುಕಲೆಂದು ಕಟ್ಟಿದ ಊರು ಬಿಳಿಯ ಹೆಸರಿನಿಂದ ಪ್ರಸಿದ್ಧವಾದುದು ವಿಧಿಯ ವಿನೋದ.

ಅವಮಾನವನ್ನು ಹೊತ್ತ ಹೆಸರು ಹೋಗತಕ್ಕದ್ದೇ. ಜಾತಿಯನ್ನು ಹಿಡಿದು ಕರೆಯುವ ಕೇರಿಗಳು ನಮ್ಮ ಹಳ್ಳಿಗಳಲ್ಲಿ ಇನ್ನೂ ಇರುವಾಗ ಪರಂಗಿಯವರನ್ನು ಮಾತ್ರ ದೂರುವುದು ನ್ಯಾಯವಲ್ಲ; ಅಂಥ ಹೆಸರು ಚುಚ್ಚುವುದೋ ಇಲ್ಲವೋ ಎಂಬುದನ್ನು ಹೇಳಬೇಕಾದವರು ಅದನ್ನು ವಿಳಾಸದಲ್ಲಿ ಬರೆದುಕೊಳ್ಳುವವರೇ ಹೊರತು ದಾರಿಹೋಕರಲ್ಲ. ಆದರೆ ಬ್ಲ್ಯಾಕ್‌ಪಳ್ಳಿ ಅಳಿಸಿಹೋದಾಗ, ತಪ್ಪಾಗಿ ಕೇಳಿಸಿಕೊಂಡ ಕಿವಿಯೊಡನೆ ಸರಿಯಾಗಿ ನುಡಿದ ನಾಲಗೆಯೂ ಮರೆತುಹೋಯಿತು. 1638ರಲ್ಲಿ ಬೆಂಗಳೂರು ಬಿಜಾಪುರದವರ ವಶವಾಗಿ, ಶಿವಾಜಿಯ ತಂದೆ ಶಹಾಜಿಯ ಜಹಗೀರಾಗಿದ್ದ ಸಂಬಂಧದಿಂದ ಶಿವಾಜಿಯ ಹೆಸರು ಈ ಊರಿಗೆ ಅನ್ಯವೇನೂ ಅಲ್ಲ. ಗದ್ದೆಯ ಹೆಸರೂ ಅದರ ಪಕ್ಕದಲ್ಲಿ ಇರಬಹುದಿತ್ತು.

ನೇರಳೆ ಮಾರ್ಗದ ಕೊನೆಯ ಮೆಟ್ರೋ ನಿಲ್ದಾಣದಲ್ಲಿ ಇಳಿದವರು ಗಮನಿಸಿರಬಹುದು: ವೈಟ್‌ಫೀಲ್ಡ್ ಎಂದು ಬರೆದು, ಆವರಣ ಚಿಹ್ನೆಯೊಳಗೆ ಕಾಡುಗೋಡಿ ಎಂಬ ಹಳೆಯ ಊರನ್ನು ಕುಳ್ಳಿರಿಸಿದ್ದಾರೆ. ಶಿವಾಜಿನಗರದ ಫಲಕಕ್ಕೂ ಅಂಥದೊಂದು ಆವರಣವಿರಲಿ. ಒಂದು ಹಿಡಿ ಬಿಳಿ ಅಕ್ಕಿಗೆ ಅಷ್ಟು ಸ್ಥಳ ಸಾಕು.