ಇಂಗಾಲದ ಕೊಳವೆಯೂ ಕನ್ನಡದ ಪಾಠಶಾಲೆಯೂ

ಕೊಚ್ಚಿಯಲ್ಲಿ ನೆಲೆಸಿರುವ ನಮ್ಮಂಥ ಕನ್ನಡ ಸಂಸಾರಗಳಲ್ಲಿ ಒಂದು ಪ್ರಶ್ನೆ ಆಗಾಗ ತಲೆಯೆತ್ತುತ್ತದೆ. ಮಕ್ಕಳು ಶಾಲೆಯಲ್ಲಿ ಇಂಗ್ಲಿಷನ್ನೂ ಬೀದಿಯಲ್ಲಿ ಮಲಯಾಳವನ್ನೂ ಕಲಿಯುತ್ತಾರೆ. ಇದರ ಮೇಲೆ ಕನ್ನಡದ ಹೊರೆ ಏತಕ್ಕೆ? ವಿಜ್ಞಾನ ಓದುವ ಹುಡುಗನಿಗೆ ಅದರಿಂದೇನು ಪ್ರಯೋಜನ? ಬ್ಯಾಂಕಿನ ಲೆಕ್ಕದಲ್ಲಿಯೇ ದಿನ ಕಳೆಯುವ ನಾವು ವಿಜ್ಞಾನದ ಪಂಡಿತರಲ್ಲ. ಆದರೂ ಉತ್ತರರೂಪವಾಗಿ ಒಬ್ಬ ಮಹನೀಯರ ಚರಿತ್ರೆಯನ್ನು ವಾಚಕರ ಮುಂದಿಡುತ್ತೇವೆ.

ಸಿ. ಎನ್. ಆರ್. ರಾಯರು 1934ರ ಜೂನ್ 30ರಂದು ಬೆಂಗಳೂರಿನಲ್ಲಿ ಜನಿಸಿದರು. ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಅವರ ಪ್ರೌಢಶಾಲೆಯ ಓದು ಕನ್ನಡದಲ್ಲಿಯೇ ನಡೆಯಿತು. ಇಂಗ್ಲಿಷಿನ ಅಭ್ಯಾಸವನ್ನು ಮನೆಯಲ್ಲಿ ತಂದೆಯವರು ಮಾಡಿಸಿದರು. 1951ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪದವಿ, 1953ರಲ್ಲಿ ಕಾಶಿಯಲ್ಲಿ ಎಂ.ಎಸ್ಸಿ., 1958ರಲ್ಲಿ ಅಮೆರಿಕದ ಪರ್ಡ್ಯೂವಿನಲ್ಲಿ ಡಾಕ್ಟರೇಟ್. ಮರುವರ್ಷವೇ ತಾಯ್ನಾಡಿಗೆ ಮರಳಿ ಭಾರತೀಯ ವಿಜ್ಞಾನ ಮಂದಿರದಲ್ಲಿ ಅಧ್ಯಾಪಕರಾದರು. 1963ರಲ್ಲಿ ಕಾನ್ಪುರಕ್ಕೆ ತೆರಳಿ, 1976ರಲ್ಲಿ ಹಿಂದಿರುಗಿ, 1984ರಿಂದ ಹತ್ತು ವರ್ಷ ಆ ಮಂದಿರದ ನಿರ್ದೇಶಕರಾಗಿದ್ದರು. 1989ರಲ್ಲಿ ಜವಾಹರಲಾಲ್ ನೆಹರು ಉನ್ನತ ವಿಜ್ಞಾನ ಸಂಶೋಧನಾ ಕೇಂದ್ರವನ್ನು ಕಟ್ಟಿದರು.

1991ರಲ್ಲಿ ಜಪಾನಿನ ಇಜಿಮಾ ಎಂಬುವರು ಇಂಗಾಲದ ಅತಿಸೂಕ್ಷ್ಮ ಕೊಳವೆಗಳನ್ನು ಲೋಕಕ್ಕೆ ತೋರಿದರು. ಇಂಗಾಲದ ಪರಮಾಣುಗಳ ಹಾಳೆಯನ್ನು ಚಾಪೆಯಂತೆ ಸುತ್ತಿದರೆ ಹೇಗೋ ಹಾಗೆ. ಮೀಟರನ್ನು 100 ಕೋಟಿ ಪಾಲು ಮಾಡಿದರೆ ಒಂದು ಪಾಲು ನ್ಯಾನೊಮೀಟರ್. ಒಂಟಿ ಸುತ್ತಿನ ಕೊಳವೆಯ ಅಗಲ ಒಂದೆರಡು ನ್ಯಾನೊಮೀಟರ್ ಮಾತ್ರ. ಸುತ್ತಿದ ಓರೆಗೆ ತಕ್ಕಂತೆ ಅದು ಲೋಹದಂತೆಯೋ ಅರೆವಾಹಕದಂತೆಯೋ ವರ್ತಿಸುತ್ತದೆ. ಆದುದರಿಂದಲೇ ವಿದ್ಯುನ್ಮಾನ ಉಪಕರಣಗಳನ್ನು ಮಾಡುವವರ ಕಣ್ಣು ಇದರ ಮೇಲೆ ಬಿದ್ದಿತು. 1998ರಲ್ಲಿ ಹಾಲೆಂಡಿನ ಡೆಲ್ಫ್ಟ್‌ನಲ್ಲಿ ಒಂದೇ ಕೊಳವೆಯಿಂದ ಟ್ರಾನ್ಸಿಸ್ಟರ್ ಆಯಿತು.

ರಾಯರು ಅರವತ್ತು ದಾಟಿದ ಮೇಲೆ ಈ ಹೊಸ ದಾರಿ ಹಿಡಿದರೆಂಬುದು ಗಮನಿಸತಕ್ಕ ಮಾತು. 1997ರಲ್ಲಿ ಅವರೂ ಸಂಗಡಿಗರೂ ಲೋಹವೂ ಇಂಗಾಲವೂ ಕೂಡಿದ ಮೆಟಲೋಸೀನ್ ಸಂಯುಕ್ತಗಳ ಆವಿಯನ್ನು ಕಾಯಿಸಿ ಕೊಳವೆಗಳನ್ನು ಬೆಳೆಸಿದರು. ಲೋಹದ ಕಣವೇ ಅಲ್ಲಿ ಬೀಜ. 2000ದಲ್ಲಿ ಮರದ ಕವಲಿನಂತೆ ಇಬ್ಬಾಗವಾದ ಕೊಳವೆಗಳನ್ನು ಪಡೆದರು. ಇಂಥ ಕವಲಿನಲ್ಲಿ ವಿದ್ಯುತ್ತು ಒಂದು ದಿಕ್ಕಿಗೆ ಸಲೀಸಾಗಿ, ಇನ್ನೊಂದಕ್ಕೆ ಕಷ್ಟದಿಂದ ಹರಿಯುತ್ತದೆ. ಡಯೋಡಿನ ಗುಣವೂ ಅದೇ. 2014ರಲ್ಲಿ ಅವರಿಗೆ ಭಾರತರತ್ನ ಸಂದಿತು.

ನಾವಿರುವ ಈ ನಾಡಿಗೂ ಈ ಕಥೆಗೂ ನಂಟುಂಟು. ಕೊಚ್ಚಿಗೆ ಸಮೀಪದ ಕೊಡುಂಗಲ್ಲೂರಿನವರೂ ತಿರುವನಂತಪುರದಲ್ಲಿ ಓದಿದವರೂ ಆದ ಪುಳಿಕ್ಕಲ್ ಅಜಯನ್ ಅವರು 1992ರಲ್ಲಿ ಜಪಾನಿನಲ್ಲಿ ಎಬ್ಬೆಸೆನ್ ಅವರೊಡನೆ ಇದೇ ಕೊಳವೆಗಳನ್ನು ಹೇರಳವಾಗಿ ತಯಾರಿಸುವ ಕ್ರಮ ತೋರಿಸಿದರು. ಅವರೂ ಕಾಶಿಯ ವಿದ್ಯಾರ್ಥಿಯೇ. ಪ್ರಧಾನಿಯವರ ವಿಜ್ಞಾನ ಸಲಹಾ ಮಂಡಳಿಯ ಅಧ್ಯಕ್ಷರಾಗಿ ರಾಯರು ಒತ್ತಾಸೆಯಾಗಿ ನಿಂತ ವಿಜ್ಞಾನ ಶಿಕ್ಷಣ ಸಂಸ್ಥೆಗಳಲ್ಲಿ ಒಂದು 2008ರಲ್ಲಿ ತಿರುವನಂತಪುರಕ್ಕೆ ಬಂದಿತು.

ಕನ್ನಡದಲ್ಲಿ ಓದಿದ್ದರಿಂದಲೇ ರಾಯರು ವಿಜ್ಞಾನಿಯಾದರೆಂದು ನಾವು ಹೇಳುವುದಿಲ್ಲ. ಅದು ಅಭಿಮಾನದ ಅತಿರೇಕವಾದೀತು. ಕನ್ನಡ ಅವರಿಗೆ ಅಡ್ಡಿಯಾಗಲಿಲ್ಲ ಎಂಬಷ್ಟು ಮಾತ್ರ ನಿಶ್ಚಯ. ನಮ್ಮ ಮನೆಗೆ ಅಷ್ಟು ಸಾಕು. ರಾತ್ರಿ ಊಟಕ್ಕೆ ಮುಂಚೆ ಅರ್ಧ ಗಂಟೆ ಮಗನ ಮುಂದೆ ಕನ್ನಡದ ಪುಸ್ತಕ ತೆರೆದಿಡುತ್ತಿದ್ದೇವೆ. ವಾಚಕ ಬಂಧುಗಳೂ ಹಾಗೆ ಮಾಡುವರೆಂದು ನಂಬಿದ್ದೇವೆ.