‘ಗಾತ್ರ ಹೆಚ್ಚಿಸುವ ವ್ಯಾಯಾಮ’ದಿಂದ ಗಾಯವಾದರೆ: ತಾಳವಾಡಿ ಬೆಟ್ಟದ ಯುವಕರು ತಿಳಿದಿರಬೇಕಾದದ್ದು

ಶಿಶ್ನದ ಗಾತ್ರ ಹೆಚ್ಚಿಸುವ ‘ವ್ಯಾಯಾಮ’ದ ವಿಡಿಯೊಗಳಿಗೆ ಮೊಬೈಲಿನಲ್ಲಿ ಬರವಿಲ್ಲ. ಹಾಲು ಕರೆದ ಹಾಗೆ ಬುಡದಿಂದ ತುದಿಗೆ ಒತ್ತಿ ಎಳೆಯುವ ‘ಜೆಲ್ಕಿಂಗ್’, ತೂಕ ಕಟ್ಟುವುದು, ಪಂಪ್ ಹಾಕುವುದು ಇವುಗಳಲ್ಲಿ ಮುಖ್ಯವಾದವು. ಜೆಲ್ಕಿಂಗ್‌ನಿಂದ ಗಾತ್ರ ಹೆಚ್ಚುತ್ತದೆ ಎನ್ನುವುದಕ್ಕೆ ನಂಬುವಂಥ ಪುರಾವೆ ಇಲ್ಲ. ಗಾಯ ಮಾತ್ರ ನಿಜ. ಗಾಯವಾದ ಮೇಲೆ ನಾಚಿಕೆಯಿಂದ ಮುಚ್ಚಿಡುವುದು ಅದಕ್ಕಿಂತ ದೊಡ್ಡ ನಷ್ಟ.

ಗಾಯ ಆಗೋದು ಯಾಕೆ?

ತೋಳಿನಂತೆ ಇದು ಸ್ನಾಯು ಅಲ್ಲ, ಕಸರತ್ತು ಮಾಡಿದರೆ ಬೆಳೆಯುವುದಿಲ್ಲ. ಒಳಗಿರುವುದು ಸ್ಪಂಜಿನಂಥ ಎರಡು ಕೊಳವೆ. ಅವುಗಳ ಸುತ್ತ ಗಟ್ಟಿ ಪೊರೆ, ಮೇಲೆ ನರ ಮತ್ತು ರಕ್ತನಾಳ. ಬಲವಾಗಿ ಹಿಂಡಿದಾಗ ಇವೇ ಪೆಟ್ಟು ತಿನ್ನುತ್ತವೆ.

ಯಾವ ಗಾಯ, ಎಷ್ಟು ದಿನ?

* ಕೆಂಪು ಚುಕ್ಕೆ, ನೀಲಿಗಟ್ಟುವುದು, ಸಣ್ಣ ಊತ: ಸಾಮಾನ್ಯವಾಗಿ ಒಂದೆರಡು ವಾರ.
* ಮೇಲ್ಭಾಗದ ನಾಳ ಹಗ್ಗದಂತೆ ಗಟ್ಟಿಯಾಗುವುದು: ಒಳಗೆ ರಕ್ತ ಹೆಪ್ಪುಗಟ್ಟಿರುತ್ತದೆ. ಹೆಚ್ಚಾಗಿ 4ರಿಂದ 8 ವಾರಗಳಲ್ಲಿ ವಾಸಿ. ವೈದ್ಯರು ನೋಡಿದರೆ ಒಳ್ಳೆಯದು.
* ಮರಗಟ್ಟುವುದು: ನರದ ಪೆಟ್ಟು. ವಾರಗಳಿಂದ ತಿಂಗಳುಗಳವರೆಗೆ ಹಿಡಿಯಬಹುದು.
* ಒಳಗೆ ಗಂಟು, ಹೊಸದಾಗಿ ಬಾಗುವುದು: ಪೊರೆಯಲ್ಲಿ ಕಲೆ ಕಟ್ಟುವ ಪೆಯ್ರೋನಿ ಕಾಯಿಲೆ ಇರಬಹುದು. ತಡಮಾಡದೆ ಮೂತ್ರರೋಗ ತಜ್ಞರಿಗೆ ತೋರಿಸಬೇಕು.

ಮನೆಯಲ್ಲಿ ಏನು ಮಾಡಬೇಕು?

ಮೊದಲ ಔಷಧಿ, ವ್ಯಾಯಾಮ ನಿಲ್ಲಿಸುವುದು. ‘ಕಡಿಮೆ ಮಾಡ್ತೇನೆ’ ಅನ್ನೋದಲ್ಲ, ಪೂರ್ತಿ ನಿಲ್ಲಿಸಬೇಕು. ನೋವು, ಊತ ಹೋಗುವವರೆಗೆ ಲೈಂಗಿಕ ಸಂಪರ್ಕ, ಹಸ್ತಮೈಥುನ ಬೇಡ. ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ನಿಮಿಷದಂತೆ ಇಡಬಹುದು, ನೇರ ಚರ್ಮಕ್ಕೆ ಬೇಡ. ಎಣ್ಣೆ ಹಚ್ಚಿ ತಿಕ್ಕುವುದು, ಬಿಸಿ ಶಾಖ ಕೊಡುವುದು, ‘ವಾಸಿ ಮಾಡುವ’ ಇನ್ನೊಂದು ವ್ಯಾಯಾಮ, ಮೆಡಿಕಲ್‌ನಲ್ಲಿ ಚೀಟಿ ಇಲ್ಲದೆ ತಂದ ಮಾತ್ರೆ ಯಾವುದೂ ಬೇಡ. ಸರಿ ಆಯ್ತಾ ಅಂತ ದಿನಕ್ಕೆ ಹತ್ತು ಸಲ ಪರೀಕ್ಷಿಸುವುದೂ ಬೇಡ. ಭಯವೇ ನಿಮಿರುವಿಕೆಯನ್ನು ತಡೆಯುತ್ತದೆ. ಬೆಳಗಿನ ನಿಮಿರುವಿಕೆ ಮರಳಿದರೆ ಅದು ಒಳ್ಳೆಯ ಸೂಚನೆ.

ಕಾಯಬಾರದ ಲಕ್ಷಣಗಳು

‘ಟಪ್’ ಎಂಬ ಶಬ್ದದೊಂದಿಗೆ ನಿಮಿರುವಿಕೆ ತಟ್ಟನೆ ಇಳಿದು, ಅಂಗ ಊದಿ ಬದನೆಕಾಯಿ ಬಣ್ಣಕ್ಕೆ ತಿರುಗಿದರೆ ಒಳಪೊರೆ ಹರಿದಿರಬಹುದು. ಮೂತ್ರದಲ್ಲಿ ರಕ್ತ, ಮೂತ್ರ ಕಟ್ಟುವುದು, ನಾಲ್ಕು ಗಂಟೆ ದಾಟಿದರೂ ಇಳಿಯದ ನಿಮಿರುವಿಕೆ ಇವೂ ತುರ್ತು. ಪೊರೆ ಹರಿದಾಗ ಶಸ್ತ್ರಚಿಕಿತ್ಸೆ ಬೇಗ ಆದಷ್ಟು ಫಲಿತಾಂಶ ಚೆನ್ನಾಗಿರುತ್ತದೆ. ಬೆಳಗಾಗಲಿ ಎಂದು ಕೂರಬಾರದು.

ತಾಳವಾಡಿಯಿಂದ ಎಲ್ಲಿಗೆ?

ತಾಳವಾಡಿ ಈರೋಡ್ ಜಿಲ್ಲೆಯದಾದರೂ ಸತ್ಯಮಂಗಲಕ್ಕೆ ಇಳಿಯಲು ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ದಾಟಬೇಕು. 2022ರ ಫೆಬ್ರವರಿಯಿಂದ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ, ಆಂಬುಲೆನ್ಸ್‌ಗೆ ತಡೆಯಿಲ್ಲ. ಹಾಗಾಗಿ ತುರ್ತಿನಲ್ಲಿ 108ಕ್ಕೆ ಕರೆ ಮಾಡಿ. ಗಡಿಯಾಚೆ ಹತ್ತಿರದ ಚಾಮರಾಜನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ, ಹೆಚ್ಚಿನ ಚಿಕಿತ್ಸೆ ಬೇಕಿದ್ದರೆ ಮುಂದೆ ಮೈಸೂರು. ಚೀಟಿ ಮಾಡಿಸುವಲ್ಲಿ ‘ಮೂತ್ರದ ಜಾಗದಲ್ಲಿ ತೊಂದರೆ’ ಎಂದರೆ ಸಾಕು. ಆದರೆ ವೈದ್ಯರ ಹತ್ತಿರ ಏನು ಮಾಡಿದ್ದು, ಯಾವಾಗ ಮಾಡಿದ್ದು ಎಂದು ಪೂರ್ತಿ ಹೇಳಬೇಕು. ರೋಗಿಯ ಗುಟ್ಟು ಕಾಯುವುದು ಅವರ ವೃತ್ತಿಧರ್ಮ.

ಮೂಲದಲ್ಲಿರುವ ಭಯ

2015ರಲ್ಲಿ ಬ್ರಿಟನ್ನಿನ ಸಂಶೋಧಕರು 15,521 ಪುರುಷರ ಅಳತೆಗಳನ್ನು ಒಟ್ಟುಗೂಡಿಸಿದಾಗ ನಿಮಿರಿದಾಗಿನ ಸರಾಸರಿ ಉದ್ದ 13.12 ಸೆಂ.ಮೀ., ಸಾಮಾನ್ಯ ಸ್ಥಿತಿಯಲ್ಲಿ 9.16 ಸೆಂ.ಮೀ. ಎಂದು ಕಂಡುಬಂತು. ‘ನನ್ನದು ಚಿಕ್ಕದು’ ಎಂದು ಕೊರಗುವ ಹೆಚ್ಚಿನವರ ಅಳತೆ ಸಹಜವಾಗಿಯೇ ಇರುತ್ತದೆ.

ಈ ಭಯವನ್ನೇ ಬಂಡವಾಳ ಮಾಡಿಕೊಂಡವರಿಗೆ ಕಾನೂನೂ ಇದೆ. ಲೈಂಗಿಕ ಶಕ್ತಿ ಹೆಚ್ಚಿಸುವ ಔಷಧಿಯೆಂದು ಜಾಹೀರಾತು ಕೊಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಂತೆ ಅಪರಾಧ. ಕೊರಗು ನಿದ್ದೆ ಕೆಡಿಸುವಷ್ಟಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಗೆಳೆಯನೊಬ್ಬ ಇಂಥ ತೊಂದರೆ ಹೇಳಿಕೊಂಡರೆ ನಗಬೇಡಿ, ಜೊತೆಗೆ ಆಸ್ಪತ್ರೆಗೆ ಹೋಗಿ.